ಹಿತ್ತಲಿನ ಗೂಡಿಗೆ ಯಾವ ಕೋಳಿ?

(ಕಳಸ ಸಮೀಪದ ಹಳ್ಳಿಯೊಂದರಲ್ಲಿ ಗ್ರಾಮಸ್ಥರಿಗೂ ಕಾಲೇಜು ವಿದ್ಯಾರ್ಥಿಗಳಿಗೂ ಏರ್ಪಡಿಸಿದ್ದ ಪರಿಸರ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಪರಿಸರ ಶಿಬಿರದಲ್ಲಿ ಕೋಳಿಯ ವಿಷಯವೇ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ನದಿ, ಗಣಿ, ಅರಣ್ಯ, ಕಾಡಾನೆ ಇವುಗಳ ಕುರಿತು ಮಾತನಾಡಿ ಅಭ್ಯಾಸವಾದ ನಮಗೆ ಹಿತ್ತಲಿನ ಕೋಳಿ ಅಲ್ಪ ಸಂಗತಿಯಾಗಿ ತೋರುವುದು ಸಹಜ. ಆದರೆ ಮೂಡಿಗೆರೆಯಿಂದ ಕಳಸದವರೆಗೆ ನಾನು ಹೋದ ಮನೆಗಳಲ್ಲಿ ಒಂದು ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದ್ದೇನೆ: "ಮಕ್ಕಳು ಆಸೆಪಡುತ್ತಿದ್ದಾರೆ, ನಾಲ್ಕು ಕೋಳಿ ಸಾಕೋಣ ಎಂದಿದ್ದೇವೆ. ಯಾವ ಜಾತಿಯದನ್ನು ತರುವುದು?" ಈ ಪ್ರಶ್ನೆಗೆ ನಾವು ಕೊಡುವ ಉತ್ತರದಲ್ಲಿ ನಮ್ಮ ಮನೆಯ ಸುಖವಷ್ಟೇ ಅಲ್ಲ, ಬೇಲಿಯಾಚೆಯ ಕಾಡಿನ ಕ್ಷೇಮವೂ ಇದೆ. ಆದ್ದರಿಂದ ಇಂದು ಇದನ್ನೇ ಮಾತನಾಡಲು ಆರಿಸಿಕೊಂಡೆ.

ಮೊದಲು ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ಮೇ ತಿಂಗಳ ಕೊನೆಯಲ್ಲಿ ಸಂತೆಗೆ ಹೋದಾಗ ಬಣ್ಣ ಹಚ್ಚಿದ ಕೋಳಿಮರಿಗಳನ್ನು ನೋಡಿ ಮಗಳು ಹಟ ಹಿಡಿದಳು. ಗುಲಾಬಿ, ಹಸಿರು, ನೇರಳೆ ಬಣ್ಣದ ಹನ್ನೆರಡು ಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ತಂದೆವು. ಬೆಚ್ಚಗಿರಲೆಂದು ಒಂದು ಬಲ್ಬು ಇಳಿಬಿಟ್ಟೆವು. ಮೃಗಶಿರಾ ಮಳೆ ಹಿಡಿಯಿತು, ಮರ ಬಿದ್ದು ಕರೆಂಟು ಹೋಯಿತು, ಐದು ದಿನ ಬರಲಿಲ್ಲ. ಆರಿದ್ರಾ ಹುಟ್ಟುವ ಹೊತ್ತಿಗೆ ಒಂಬತ್ತು ಮರಿಗಳು ಸತ್ತಿದ್ದವು. ಉಳಿದ ಮೂರೂ ಹುಂಜಗಳೆಂಬುದು ಆಮೇಲೆ ತಿಳಿಯಿತು. ಅದೇ ಮಳೆಯಲ್ಲಿ ಪಕ್ಕದ ಮನೆಯ ಮುದಿ ಹೇಂಟೆ ಸೌದೆ ಕೊಟ್ಟಿಗೆಯ ಮಂಕರಿಯಲ್ಲಿ ಕಾವು ಕೂತು ಒಂಬತ್ತು ಮರಿ ಎಬ್ಬಿಸಿತ್ತು. ಹನಿ ಬಿದ್ದೊಡನೆ ಅದು ಒಂದು ಬಗೆಯ ದನಿ ತೆಗೆದು ಸೂರಿನಡಿ ಕೂರುತ್ತಿತ್ತು. ಒಂಬತ್ತೂ ಮರಿಗಳು ರೆಕ್ಕೆಯೊಳಗೆ ಮಾಯವಾಗುತ್ತಿದ್ದವು. ಅದನ್ನು ನೋಡುತ್ತ ಮಗಳು ಕೇಳಿದಳು: "ನಮ್ಮ ಮರಿಗಳಿಗೆ ಯಾಕೆ ಅಮ್ಮ ಇರಲಿಲ್ಲ?"

ಮಿತ್ರರೇ, ಕೋಳಿಯ ತಳಿಯನ್ನು ಆರಿಸುವವರು ಮೊದಲು ಕೇಳಬೇಕಾದ ಪ್ರಶ್ನೆ ಅದೇ. ವರ್ಷಕ್ಕೆ ಎಷ್ಟು ಮೊಟ್ಟೆ, ಎಷ್ಟು ಕೆ.ಜಿ. ಮಾಂಸ ಎಂದು ನಾವು ವಿಚಾರಿಸುತ್ತೇವೆ. ಈ ಕೋಳಿ ಕಾವು ಕೂರುತ್ತದೆಯೇ ಎಂದು ವಿಚಾರಿಸುವುದಿಲ್ಲ.

ಮೊಟ್ಟೆಯ ಲೆಕ್ಕ, ತಾಯಿಯ ಲೆಕ್ಕ

ನಮ್ಮ ಊರುಕೋಳಿ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಇಟ್ಟರೆ ಹೆಚ್ಚು. ಫಾರಂಗಳ ಬಿಳಿ ಲೆಗ್‌ಹಾರ್ನ್ ಮುನ್ನೂರರ ಆಸುಪಾಸಿಗೆ ಹೋಗುತ್ತದೆ. ಇದನ್ನು ನೋಡಿ ಊರುಕೋಳಿ ಸೋಮಾರಿಯೆಂದು ತೀರ್ಮಾನಿಸುವವರಿದ್ದಾರೆ. ಊರುಕೋಳಿ ಹನ್ನೆರಡರಿಂದ ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಕೂರುತ್ತದೆ. 21 ದಿನ ಕಾವು. ಆಮೇಲೆ ಮರಿಗಳನ್ನು ಕಟ್ಟಿಕೊಂಡು ಒಂದೂವರೆ ಎರಡು ತಿಂಗಳ ತಿರುಗಾಟ. ಈ ಅವಧಿಯಲ್ಲಿ ಅದು ಮೊಟ್ಟೆ ಇಡುವುದಿಲ್ಲ. ಹೀಗೆ ವರ್ಷಕ್ಕೆ ಮೂರು ನಾಲ್ಕು ಸರದಿ. ಅಂದರೆ ಅದು ಇಡದೆ ಬಿಟ್ಟ ಮೊಟ್ಟೆಗಳೆಲ್ಲ ಮರಿ ಸಾಕುವ ದುಡಿಮೆಗೆ ಸಂದ ಲೆಕ್ಕ.

ಕಾವು ಕೂರುವ ಗುಣಕ್ಕೆ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಕಾರಣ. ಅದು ಏರಿದಾಗ ಮೊಟ್ಟೆ ನಿಲ್ಲುತ್ತದೆ. ಹೆಚ್ಚು ಮೊಟ್ಟೆ ಬೇಕೆಂದವರು ಕಾವು ಕೂರದ ಕೋಳಿಗಳನ್ನೇ ತಲೆಮಾರುಗಳ ಕಾಲ ಆರಿಸುತ್ತ ಬಂದು, ತಾಯ್ತನವನ್ನೇ ಮರೆತ ತಳಿಗಳನ್ನು ಪಡೆದರು. ಆ ತಾಯಿಯ ಕೆಲಸವನ್ನು ಈಗ ಯಂತ್ರ, ಬಲ್ಬು ಮತ್ತು ಕರೆಂಟು ಮಾಡಬೇಕು. ಮೊಟ್ಟೆಯ ತಳಿಯಲ್ಲಿ ಹುಟ್ಟುವ ಮರಿಗಳಲ್ಲಿ ಅರ್ಧದಷ್ಟು ಗಂಡು. ಅವು ಮೊಟ್ಟೆಯನ್ನೂ ಇಡವು, ಮಾಂಸಕ್ಕೂ ಬೆಳೆಯವು. ಸಂತೆಗಳಲ್ಲಿ ಬಣ್ಣ ಬಳಿದು ಮಾರುವ ಮರಿಗಳು ಹೆಚ್ಚಾಗಿ ಇಂಥವೇ. ನಮ್ಮ ಮನೆಯಲ್ಲಿ ಬದುಕಿದ ಮೂರೂ ಹುಂಜಗಳಾದದ್ದು ಆಕಸ್ಮಿಕವೇನಲ್ಲ.

ಒಂದೊಂದೇ ತಳಿಯನ್ನು ನೋಡೋಣ

ಸುಧಾರಿತ ತಳಿಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಗಿರಿರಾಜ ಕೋಳಿಯನ್ನು ಬೆಂಗಳೂರಿನ ಹೆಬ್ಬಾಳದಲ್ಲಿ, ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 1980ರ ದಶಕದಲ್ಲಿ ಹಿತ್ತಲಿಗೆಂದೇ ರೂಪಿಸಿದರು. ಊರುಕೋಳಿಯಂತೆ ಬಣ್ಣಬಣ್ಣದ ಗರಿ, ಅದಕ್ಕಿಂತ ಬೇಗ ಬೆಳೆಯುವ ಮೈ, ವರ್ಷಕ್ಕೆ ಸುಮಾರು 130ರಿಂದ 150 ಮೊಟ್ಟೆ. ಅನೇಕ ಬಡ ಮನೆಗಳ ಹೆಂಗಸರ ಕೈಗೆ ಅದು ನಾಲ್ಕು ಕಾಸು ತಂದುಕೊಟ್ಟಿದೆ. 2005ರಲ್ಲಿ ಹೆಬ್ಬಾಳದಿಂದಲೇ ಸ್ವರ್ಣಧಾರ ಬಂತು. ಅದರ ಮೊಟ್ಟೆ ಇನ್ನೂ ಹೆಚ್ಚು. ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯ ವನರಾಜ, ಗ್ರಾಮಪ್ರಿಯ ತಳಿಗಳನ್ನು ಕೊಟ್ಟಿತು. ಮೊಟ್ಟೆಯೇ ಮುಖ್ಯವೆನ್ನುವ ಮನೆಗೆ, ಪೇಟೆಯ ಕಾಂಪೌಂಡಿನೊಳಗೆ ಸಾಕುವವರಿಗೆ ಇವು ಒಳ್ಳೆಯವೇ. ಆದರೆ ಇವು ಸಾಮಾನ್ಯವಾಗಿ ಕಾವಿಗೆ ಕೂರುವುದಿಲ್ಲ. ಮಿಶ್ರತಳಿಗಳಾದುದರಿಂದ ಇವುಗಳ ಮೊಟ್ಟೆಯನ್ನು ಬೇರೆ ಹೇಂಟೆಯ ಕೆಳಗಿಟ್ಟು ಮರಿ ಮಾಡಿಸಿದರೂ ಮುಂದಿನ ಪೀಳಿಗೆಯಲ್ಲಿ ಅದೇ ಗುಣ ನಿಲ್ಲುವುದಿಲ್ಲ. ಮೈಭಾರ ಹೆಚ್ಚಾಗಿ, ಅಪಾಯ ಬಂದಾಗ ಊರುಕೋಳಿಯಂತೆ ಚಂಗನೆ ಹಲಸಿನ ಕೊಂಬೆಗೆ ಹಾರಲಾರವು.

ಕಡಕ್‌ನಾಥ್ ಎಂಬ ಕಪ್ಪು ಕೋಳಿಯ ಹೆಸರನ್ನು ಈಗ ಎಲ್ಲರೂ ಕೇಳಿದ್ದೀರಿ. ಅದು ಮಧ್ಯಪ್ರದೇಶದ ಝಾಬುವಾ ಸೀಮೆಯ ಭಿಲ್ ಜನರ ಕೋಳಿ. 2018ರಲ್ಲಿ ಅದರ ಮಾಂಸಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಸುಂದರವಾದ ಹಕ್ಕಿ, ನಿಜ. ಆದರೆ ಕಾವು ಕೂರುವುದರಲ್ಲಿ ಹಿಂದೆ. ಬೆಲೆ ಮಾತ್ರ ಮುಂದೆ. ಅಸೀಲ್ ಇದಕ್ಕೆ ವಿರುದ್ಧ. ಅದರ ಹೇಂಟೆ ಬಹಳ ಒಳ್ಳೆಯ ತಾಯಿ. ಆದರೆ ಕಾದಾಟಕ್ಕೆಂದೇ ಬೆಳೆಸಿದ ತಳಿ. ಹುಂಜಗಳು ಪರಸ್ಪರ ಕೊಂದುಕೊಳ್ಳುವವರೆಗೆ ಬಿಡುವುದಿಲ್ಲ. ಸಣ್ಣ ಗೂಡಿಗೆ ಹೊಂದುವುದಿಲ್ಲ.

ನಮ್ಮ ನೆರೆಯ ತಲಶ್ಶೇರಿಯ ಕೋಳಿ, ಕೋಲಾರ ಮತ್ತು ಆಂಧ್ರ ಗಡಿಯ ಘಾಗಸ್ ಕೋಳಿ ಇವೆರಡಕ್ಕೂ ರಾಷ್ಟ್ರೀಯ ಪಟ್ಟಿಯಲ್ಲಿ ತಳಿಯ ಹೆಸರಿದೆ. ನಮ್ಮ ಮಲೆನಾಡಿನ ಕೋಳಿಯನ್ನು ನಾವು ಊರುಕೋಳಿ, ನಾಟಿಕೋಳಿ ಎಂದಷ್ಟೇ ಕರೆಯುತ್ತೇವೆ. ಘಟ್ಟದ ಕೆಳಗಿನ ನೆಂಟಸ್ತಿಕೆ ಇರುವ ಮನೆಗಳಲ್ಲಿ ಬೊಳ್ಳೆ, ಕಕ್ಕೆ ಎಂದು ಬಣ್ಣದ ಹೆಸರುಗಳು ಕೇಳಿಬರುತ್ತವೆ. ಆದರೆ ಈ ಮಳೆಯಲ್ಲಿ, ಈ ಚಳಿಯಲ್ಲಿ, ಈ ಕಾಡಿನಂಚಿನಲ್ಲಿ ನೂರಾರು ತಲೆಮಾರು ಬದುಕಿ ಉಳಿದದ್ದು ಅದೇ. ಮಣ್ಣು ಬಣ್ಣದ ಚುಕ್ಕೆ ಗರಿಯ ಹೇಂಟೆ ತರಗೆಲೆಯ ನಡುವೆ ಕೂತರೆ ಹದ್ದಿಗೂ ಕಾಣುವುದಿಲ್ಲ. ಬಿಳಿಯ ಕೋಳಿ ಅರ್ಧ ಮೈಲಿಯಿಂದ ಕಾಣುತ್ತದೆ.

ಕಾಫಿ ಬೆಳೆಯುವ ನಿಮಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ಹಳೆಯ ಕಾಫಿ ತಳಿಗಳು ಎಲೆತುಕ್ಕು ರೋಗಕ್ಕೂ ಕಾಂಡಕೊರಕಕ್ಕೂ ತುತ್ತಾದವು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಸಂಶೋಧನಾ ಕೇಂದ್ರ ಆರಂಭವಾಯಿತು, ಅಲ್ಲಿನ ಎಸ್.795 ಇಂದಿಗೂ ನಮ್ಮ ತೋಟಗಳಲ್ಲಿದೆ. ಹೊಸ ತಳಿ ಬೇಕಾದಾಗಲೆಲ್ಲ ವಿಜ್ಞಾನಿಗಳು ಹಳೆಯ ತಳಿ ಮತ್ತು ಕಾಡುತಳಿಗಳ ಬಳಿಗೇ ಹೋಗುತ್ತಾರೆ. ಕೋಳಿಗೂ ಇದೇ ಮಾತು. ಊರುಕೋಳಿ ಹಿತ್ತಲಿನಿಂದ ಮಾಯವಾದರೆ ಮರಳಿ ಹುಡುಕಲು ಯಾವ ಅಂಗಡಿಯೂ ಇಲ್ಲ.

ಹಾಗಾದರೆ ಏನು ಮಾಡಬೇಕು?

ಸಣ್ಣ ಗೂಡಿಗೆ ನಾಲ್ಕು ಹೇಂಟೆ, ಒಂದು ಹುಂಜ ಸಾಕು. ಹೇಂಟೆಗಳಲ್ಲಿ ಕನಿಷ್ಠ ಎರಡು, ಕಾವು ಕೂತು ಮರಿ ಬೆಳೆಸಿದ ತಾಯಿಯ ಸಂತತಿಯ ಊರುಕೋಳಿಗಳಾಗಿರಲಿ. ಸಂತೆಯಲ್ಲಿ ಕೊಳ್ಳುವ ಬದಲು ಕೇರಿಯ ಅಜ್ಜಿಯೊಬ್ಬರ ಮನೆಗೆ ಹೋಗಿ, "ನಿಮ್ಮ ಯಾವ ಹೇಂಟೆ ಚೆನ್ನಾಗಿ ಮರಿ ಸಾಕುತ್ತದೆ?" ಎಂದು ಕೇಳಿ ಅದರ ಯಾಟೆಗಳನ್ನು ತನ್ನಿ. ಹೆಚ್ಚು ಮೊಟ್ಟೆ ಬೇಕಿದ್ದರೆ ಉಳಿದೆರಡು ಸ್ವರ್ಣಧಾರವೋ ಗಿರಿರಾಜವೋ ಇರಲಿ. ಆದರೆ ಹುಂಜ ಮಾತ್ರ ಊರಿನದೇ ಇರಲಿ. ದೊಡ್ಡ ಮೈಯ ಹುಂಜವೊಂದು ಕೇರಿಗೆ ಬಂದರೆ ನಾಲ್ಕೈದು ವರ್ಷಗಳಲ್ಲಿ ಕೇರಿಯ ಕೋಳಿಗಳೆಲ್ಲ ಬೆರಕೆಯಾಗುತ್ತವೆ.

ಮರಿ ಎಬ್ಬಿಸುವುದಾದರೆ ಸುಗ್ಗಿಯ ನಂತರ, ಬೇಸಿಗೆಗೆ ಮೊದಲು ಎಬ್ಬಿಸಿ. ಮಳೆ ಹಿಡಿಯುವಷ್ಟರಲ್ಲಿ ಮರಿಗಳಿಗೆ ಗರಿ ಬಲಿತಿರುತ್ತದೆ. ಮೇ ತಿಂಗಳಿನಲ್ಲಿ ಎಳೆಮರಿ ತರಬೇಡಿ. ಅದರ ಫಲವನ್ನು ನಾನು ಕಂಡಿದ್ದೇನೆ.

ಗೂಡು ನೆಲದಿಂದ ಎರಡು ಅಡಿ ಎತ್ತರವಿರಲಿ. ಬಾಗಿಲು ನೈರುತ್ಯದ ಇರಿಚಲಿಗೆ ಎದುರಾಗದಿರಲಿ. ತೆಳು ಬಲೆ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ಮುಂಗುಸಿಯನ್ನೂ ಪುನುಗನ್ನೂ ಹೊರಗಿಡುವುದಿಲ್ಲ. ಅರ್ಧ ಅಂಗುಲದ ಗಟ್ಟಿ ಜಾಲರಿ ಹಾಕಿ. ಕೋಳಿ ಕಳೆದುಕೊಂಡ ಸಿಟ್ಟಿನಲ್ಲಿ ಪುನುಗಿಗೆ ಉರುಳು ಒಡ್ಡುವವರಿದ್ದಾರೆ. ಗೂಡು ಭದ್ರವಾಗಿದ್ದರೆ ಆ ಪಾಪವೂ ತಪ್ಪುತ್ತದೆ. ನೆಲಹಾಸಿನ ಹೊಟ್ಟು ಒದ್ದೆಯಾದರೆ ಮರಿಗಳಿಗೆ ರಕ್ತಭೇದಿ ಬರುತ್ತದೆ. ಮಳೆಗಾಲದಲ್ಲಿ ಅದನ್ನು ಆಗಾಗ ಬದಲಿಸಿ ಗೊಬ್ಬರದ ಗುಂಡಿಗೆ ಹಾಕಿ. ತೋಟಕ್ಕೆ ಔಷಧಿ ಅಥವಾ ಬೋರ್ಡೋ ದ್ರಾವಣ ಹೊಡೆದ ದಿನಗಳಲ್ಲಿ ಕೋಳಿಗಳನ್ನು ಹೊರಗೆ ಬಿಡಬೇಡಿ. ಕಾಫಿಯ ಬುಡ ಕೆದಕಿ ಮೇಲ್ಬೇರು ಬಿಡಿಸುವ ಚಟವೂ ಅವಕ್ಕಿದೆ. ಎಳೆಯ ಗಿಡಗಳ ತಾಕಿಗೆ ಬೇಲಿ ಬೇಕು.

ಇನ್ನು ರೋಗ. ನಾವು ಕೊಕ್ಕರೆ ರೋಗ ಎನ್ನುವುದು ರಾಣಿಖೇತ ರೋಗ. ಹಿಮಾಲಯದ ತಪ್ಪಲಿನ ರಾಣಿಖೇತದಲ್ಲಿ 1927ರ ಸುಮಾರಿಗೆ ಗುರುತಿಸಿದ್ದರಿಂದ ಆ ಹೆಸರು. ಬಂದರೆ ಕೇರಿಯ ಗೂಡುಗಳೇ ಬರಿದಾಗುತ್ತವೆ. ಊರುಕೋಳಿಗೆ ರೋಗ ಬರುವುದಿಲ್ಲವೆಂಬುದು ತಪ್ಪು ನಂಬಿಕೆ. ಈ ರೋಗ ತಳಿ ನೋಡುವುದಿಲ್ಲ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹನಿ, ಎಂಟು ವಾರಕ್ಕೆ ಸೂಜಿಮದ್ದು. ತೊಡಕೆಂದರೆ, ಲಸಿಕೆಯ ಒಂದು ಸೀಸೆಯಲ್ಲಿ ನೂರು ಕೋಳಿಗಾಗುವಷ್ಟು ಮದ್ದಿರುತ್ತದೆ. ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಐದು ಕೋಳಿಯವರು ಒಬ್ಬರೇ ತಂದರೆ ವ್ಯರ್ಥ. ಆದ್ದರಿಂದ ಕೇರಿಯವರು ಸೇರಿ, ಮಳೆಗೆ ಮುಂಚೆ ಒಂದು ದಿನ ಗೊತ್ತುಮಾಡಿ, ಬೆಳಗ್ಗೆ ಗೂಡು ತೆರೆಯುವ ಮೊದಲೇ ಎಲ್ಲ ಮನೆಯ ಕೋಳಿಗಳಿಗೂ ಹಾಕಿಸಿಬಿಡಿ. ಪಶು ಆಸ್ಪತ್ರೆಯಿಂದ ಮಂಜುಗಡ್ಡೆಯ ಫ್ಲಾಸ್ಕಿನಲ್ಲಿ ಲಸಿಕೆ ತರುವ ಕೆಲಸವನ್ನು ಇಲ್ಲಿರುವ ವಿದ್ಯಾರ್ಥಿಗಳು ವಹಿಸಿಕೊಳ್ಳಬಹುದು.

ಬೇಲಿಯಾಚೆಯ ನೆಂಟ

ಬೆಳಗಿನ ಜಾವ ತೋಟದಂಚಿನಿಂದ ಕೇಳುವ ಒಡಕು ಕೂಗು ನಿಮಗೆಲ್ಲ ಪರಿಚಿತ. ಅದು ಬೂದು ಕಾಡುಕೋಳಿ, ಭಾರತ ಬಿಟ್ಟು ಬೇರೆಲ್ಲೂ ಕಾಡಿನಲ್ಲಿ ಇಲ್ಲದ ಹಕ್ಕಿ. ಸಾಕುಕೋಳಿಯ ಮೂಲ ಪೂರ್ವಜ ಕೆಂಪು ಕಾಡುಕೋಳಿಯಾದರೂ ಹಳದಿ ಕಾಲಿನ ಗುಣ ಬೂದು ಕಾಡುಕೋಳಿಯಿಂದ ಬಂದಿದೆಯೆಂದು 2008ರಲ್ಲಿ ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ತೋರಿಸಿಕೊಟ್ಟರು. ಜಗತ್ತಿನ ಯಾವ ಮೂಲೆಯಲ್ಲೇ ಆಗಲಿ, ಹಳದಿ ಕಾಲಿನ ಕೋಳಿಯಲ್ಲಿ ನಮ್ಮ ಕಾಡಿನ ಈ ಹಕ್ಕಿಯ ಅಂಶವಿದೆ.

ಇಷ್ಟು ಹತ್ತಿರದ ನಂಟಿರುವುದರಿಂದಲೇ ನಮ್ಮ ಹೊಣೆ ಹೆಚ್ಚು. ಕಾಡುಕೋಳಿಯ ಮೊಟ್ಟೆ ತಂದು ಹೇಂಟೆಯ ಕೆಳಗಿಡುವ ಹುಡುಗಾಟವನ್ನು ಬಿಡಬೇಕು; 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅದು ಅಪರಾಧ ಕೂಡ. ಸತ್ತ ಕೋಳಿಯನ್ನು ತೋಟದ ಆಚೆಗೋ ಭದ್ರೆಗೆ ಸೇರುವ ಹಳ್ಳಕ್ಕೋ ಎಸೆಯಬಾರದು. ಸುಣ್ಣ ಹಾಕಿ ಆಳವಾಗಿ ಹೂಳಬೇಕು. ಹಲವು ಕೋಳಿಗಳು ಒಮ್ಮೆಗೇ ಸತ್ತರೆ ಮುಟ್ಟದೆ ಪಶುವೈದ್ಯರಿಗೆ ತಿಳಿಸಬೇಕು. 2012ರಲ್ಲಿ ಬೆಂಗಳೂರಿನ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಸಾಕಣೆ ಕೇಂದ್ರಕ್ಕೇ ಹಕ್ಕಿಜ್ವರ ಬಂದು ಅಲ್ಲಿನ ಹಕ್ಕಿಗಳನ್ನೆಲ್ಲ ಕೊಲ್ಲಬೇಕಾಯಿತು. ಕಾವಲಿರುವಲ್ಲಿಯೇ ಹೀಗಾದರೆ, ಬೇಲಿಯಿಲ್ಲದ ನಮ್ಮ ಹಿತ್ತಲುಗಳ ಮಾತೇನು?

ಕೊನೆಯದಾಗಿ ಮಕ್ಕಳ ಮಾತು. ಮಕ್ಕಳು ಕೋಳಿಗೆ ಹೆಸರಿಟ್ಟ ಮೇಲೆ ಅದು ಮನೆಯದೇ ಆಗುತ್ತದೆ. ಹೇಂಟೆ ಚೆನ್ನಾಗಿ ಮೊಟ್ಟೆ ಇಡುವುದು ಎರಡು ಮೂರು ವರ್ಷ. ಬದುಕುವುದು ಏಳೆಂಟು ವರ್ಷ. ಉಳಿದ ವರ್ಷಗಳಲ್ಲಿ ಅದನ್ನು ಏನು ಮಾಡುತ್ತೀರಿ, ಹುಟ್ಟುವ ಹುಂಜಗಳನ್ನು ಏನು ಮಾಡುತ್ತೀರಿ ಎಂಬುದನ್ನು ತರುವ ಮೊದಲೇ ಮಕ್ಕಳ ಎದುರಿಗೆ ಮಾತನಾಡಿಕೊಳ್ಳಿ. ಒಂದೊಂದು ಮನೆಯ ಉತ್ತರ ಒಂದೊಂದು ಬಗೆಯಾಗಿರಬಹುದು. ಆದರೆ ಮಕ್ಕಳಿಗೆ ಸುಳ್ಳು ಹೇಳಬೇಡಿ. ಮುದಿ ಹೇಂಟೆ ಮೊಟ್ಟೆ ನಿಲ್ಲಿಸುತ್ತ ಬಂದರೂ ಬೇರೆ ಕೋಳಿಯ ಮೊಟ್ಟೆಗಳಿಗೆ ಕಾವು ಕೊಡಬಲ್ಲುದು ಎಂಬುದನ್ನೂ ಮರೆಯಬೇಡಿ.

ಆ ವರ್ಷದ ಸುಗ್ಗಿ ಮುಗಿದ ಮೇಲೆ ಪಕ್ಕದ ಮನೆಯವರು ತಮ್ಮ ಮುದಿ ಹೇಂಟೆಯ ಎರಡು ಯಾಟೆಗಳನ್ನು ಮಗಳ ಕೈಗೆ ಕೊಟ್ಟರು. ಅವುಗಳಲ್ಲೊಂದು ಮುಂದಿನ ಫೆಬ್ರುವರಿಯಲ್ಲಿ ನಮ್ಮ ಸೌದೆ ಕೊಟ್ಟಿಗೆಯಲ್ಲಿ ಕಾವು ಕೂತಿತು. ಇಪ್ಪತ್ತೊಂದನೆಯ ದಿನ ಮಗಳು ಶಾಲೆಗೆ ಹೋಗಲಿಲ್ಲ. ನಾನೂ ಹೋಗೆಂದು ಒತ್ತಾಯಿಸಲಿಲ್ಲ.

ಲಸಿಕೆಯ ದಿನವನ್ನು ಈ ಸಭೆಯಲ್ಲಿಯೇ ಗೊತ್ತುಮಾಡೋಣವೆಂದು ಕೋರಿ ಮಾತು ಮುಗಿಸುತ್ತೇನೆ.