ಎಂಟನೆಯ ಸರ್ವರ್

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ನೀನು ಮಾಡುವ ಕೆಲಸ ಏನೆಂದು ಊರಿನವರಿಗೆ ತಿಳಿಯುವ ಹಾಗೆ ಹೇಳು ಎಂದು ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ಕಂಪ್ಯೂಟರ್ ಕೆಲಸ ಎಂದರೆ ಪ್ರೋಗ್ರಾಂ ಬರೆಯುವುದು ಎಂದು ಎಲ್ಲರೂ ತಿಳಿದಿದ್ದಾರೆ. ನನ್ನದು ಅದಲ್ಲ. ಬೇರೆಯವರು ಬರೆದ ಪ್ರೋಗ್ರಾಂ ಯಾವ ಸೆಟ್ಟಿಂಗ್ ಮೇಲೆ ಓಡಬೇಕೋ ಆ ಸೆಟ್ಟಿಂಗನ್ನು ಒಂದು ಕಡೆ ಪರೀಕ್ಷೆ ಮಾಡಿ, ಜನ ಬಳಸುವ ಕಡೆಗೆ ಸಾಗಿಸುವುದು. ಇದಕ್ಕೆ ಕಾನ್ಫಿಗರೇಶನ್ ಬದಲಾವಣೆ ಎನ್ನುತ್ತಾರೆ. ಕೇಳಿದರೆ ಇದೊಂದು ಕೆಲಸವೇ ಅನ್ನಿಸಬಹುದು. ಎಷ್ಟೋ ಸಲ ಒಂದೇ ಸಾಲು ಬದಲಾಗುತ್ತದೆ, ಒಂದೇ ಅಂಕೆ ಬದಲಾಗುತ್ತದೆ.

ನಿಮ್ಮಲ್ಲಿ ಬೋರ್‌ವೆಲ್ ಇರುವವರಿಗೆ ಸ್ಟಾರ್ಟರ್ ಪೆಟ್ಟಿಗೆ ಗೊತ್ತು. ಅದರೊಳಗೆ ಓವರ್‌ಲೋಡ್ ರಿಲೇ ಇರುತ್ತದೆ, ಅದರ ಮೇಲೆ ಆಂಪ್ಸ್ ಗುರುತು ಹಾಕಿದ ಸಣ್ಣ ತಿರುಪು. ನಿಮ್ಮ ಮೋಟಾರು ಎಷ್ಟು ಹೆಚ್.ಪಿ.ಯದೋ ಅದಕ್ಕೆ ತಕ್ಕಂತೆ ಮೆಕ್ಯಾನಿಕ್ ಅದನ್ನು ತಿರುಗಿಸಿ ಇಡುತ್ತಾನೆ. ಕಡಿಮೆಗೆ ಇಟ್ಟರೆ ಮೋಟಾರು ಮತ್ತೆ ಮತ್ತೆ ಟ್ರಿಪ್ ಆಗುತ್ತದೆ. ಹೆಚ್ಚಿಗೆ ಇಟ್ಟರೆ ಟ್ರಿಪ್ ಆಗಬೇಕಾದ ಹೊತ್ತಿನಲ್ಲಿ ಆಗದೆ ವೈಂಡಿಂಗ್ ಸುಡುತ್ತದೆ. ಪೆಟ್ಟಿಗೆ ಹೊಸದು, ಮೋಟಾರು ಹೊಸದು, ಎರಡರಲ್ಲೂ ದೋಷವಿಲ್ಲ. ಆದರೂ ಸುಟ್ಟಿತು. ಪ್ರೋಗ್ರಾಂ ಎಂದರೆ ಆ ಪೆಟ್ಟಿಗೆ. ಕಾನ್ಫಿಗರೇಶನ್ ಎಂದರೆ ಆ ತಿರುಪು.

ಇನ್ನು ಪರೀಕ್ಷೆಯ ಜಾಗ. ಜನ ನಿಜವಾಗಿ ಬಳಸುವ ಸರ್ವರಿಗೆ ಪ್ರೊಡಕ್ಷನ್ ಎಂದು ಹೆಸರು. ಅದೇ ಥರ ಕಟ್ಟಿದ, ಆದರೆ ಜನರಿಗೆ ಕಾಣದ ಇನ್ನೊಂದಕ್ಕೆ ಸ್ಟೇಜಿಂಗ್ ಎಂದು ಹೆಸರು. ಹೆಸರಿನಲ್ಲಿ ಸ್ಟೇಜ್ ಇದ್ದರೂ ಅದು ರಂಗವಲ್ಲ, ತಾಲೀಮಿನ ಕೋಣೆ. ಜಾತ್ರೆಯ ನಾಟಕಕ್ಕೆ ತಿಂಗಳುಗಟ್ಟಲೆ ತಾಲೀಮು ಮಾಡಿದವರಿಗೆ ಗೊತ್ತು, ಕೋಣೆಯಲ್ಲಿ ಮಾತು ತಪ್ಪದವನು ರಂಗದ ಮೇಲೆ ಮೈಕು, ಲೈಟು, ಎದುರಿನ ಜನ ಕಂಡೊಡನೆ ತಡವರಿಸುತ್ತಾನೆ. ಸರ್ವರಿನ ಕಥೆಯೂ ಇದೇ. ಸ್ಟೇಜಿಂಗಿನಲ್ಲಿ ಹತ್ತು ಜನ ಪರೀಕ್ಷೆ ಮಾಡಿರುತ್ತಾರೆ, ಪ್ರೊಡಕ್ಷನ್ನಿನಲ್ಲಿ ಒಂದೇ ಸಲಕ್ಕೆ ಹತ್ತು ಲಕ್ಷ ಜನ ಬರುತ್ತಾರೆ.

ಹಾಗಾದರೆ ಎರಡನ್ನೂ ತದ್ರೂಪು ಮಾಡಿ, ಇಲ್ಲಿಂದ ಅಲ್ಲಿಗೆ ಪೂರ್ತಿ ಫೈಲನ್ನೇ ನಕಲು ಮಾಡಿದರಾಯಿತಲ್ಲ ಎಂದು ಮಕ್ಕಳು ಕೇಳಬಹುದು. ಅಲ್ಲೇ ತೊಡಕಿರುವುದು. ಕೆಲವು ಸೆಟ್ಟಿಂಗ್‌ಗಳು ಎರಡೂ ಕಡೆ ಒಂದೇ ಇರಬೇಕು, ಕೆಲವು ಎರಡೂ ಕಡೆ ಬೇರೆಯೇ ಇರಬೇಕು. ಪರೀಕ್ಷೆ ಮಾಡುವಾಗ ನಿಜವಾದ ಜನರ ಮೊಬೈಲಿಗೆ ಸಂದೇಶ ಹೋಗಬಾರದೆಂದು ಸ್ಟೇಜಿಂಗಿನಲ್ಲಿ ಎಸ್ಎಂಎಸ್ ಬಂದ್ ಮಾಡಿರುತ್ತಾರೆ. ಹಣದ ವ್ಯವಹಾರವನ್ನು ಬ್ಯಾಂಕಿನ ಪರೀಕ್ಷಾ ವಿಳಾಸಕ್ಕೆ ತಿರುಗಿಸಿರುತ್ತಾರೆ, ಅಲ್ಲಿ "ಜಮೆ ಆಯಿತು" ಎಂದು ಉತ್ತರ ಬರುತ್ತದೆ, ಹಣ ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಈ ಎರಡು ಸಾಲು ಹಾಗೆಯೇ ಪ್ರೊಡಕ್ಷನ್ನಿಗೆ ಬಂದರೆ ಏನಾಗುತ್ತದೆ ಯೋಚನೆ ಮಾಡಿ. ಓಟಿಪಿ ಬರುವುದಿಲ್ಲ. ಫೀಸು ಕಟ್ಟಿದವನಿಗೆ ರಶೀದಿ ಬರುತ್ತದೆ, ಕಾಲೇಜಿಗೆ ಹಣ ಬರುವುದಿಲ್ಲ. ಯಂತ್ರ ಕೆಟ್ಟಿದೆ ಎಂದು ಯಾವ ಕೆಂಪು ದೀಪವೂ ಹೊತ್ತಿಕೊಳ್ಳುವುದಿಲ್ಲ, ಏಕೆಂದರೆ ಅದು ಹೇಳಿದ್ದನ್ನೇ ಮಾಡುತ್ತಿದೆ. ಆದ್ದರಿಂದ ಸಾಗಿಸಬೇಕಾದ್ದು ಫೈಲನ್ನಲ್ಲ, ಬದಲಾವಣೆಯನ್ನು. ಏನು ಬದಲಾಯಿತೋ ಅಷ್ಟು ಮಾತ್ರ.

ಈ ಕೆಲಸದಲ್ಲಿರುವವರೆಲ್ಲ ಒಮ್ಮೆಯಾದರೂ ಕೇಳಿರುವ ಒಂದು ಪ್ರಕರಣವಿದೆ. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಅಮೆರಿಕದಲ್ಲಿ ನೈಟ್ ಕ್ಯಾಪಿಟಲ್ ಎಂಬ ದೊಡ್ಡ ಷೇರು ವ್ಯವಹಾರದ ಕಂಪನಿ ಇತ್ತು. ನ್ಯೂಯಾರ್ಕ್ ಷೇರುಪೇಟೆ 2012ರ ಆಗಸ್ಟ್ 1ರಂದು ಒಂದು ಹೊಸ ವ್ಯವಸ್ಥೆ ಶುರು ಮಾಡುವುದಿತ್ತು. ಅದಕ್ಕೆ ತಕ್ಕಂತೆ ಈ ಕಂಪನಿ ತನ್ನ 8 ಸರ್ವರ್‌ಗಳಿಗೆ ಹೊಸ ಪ್ರೋಗ್ರಾಂ ಹಾಕಬೇಕಾಗಿತ್ತು. ಹಾಕಿದ ತಂತ್ರಜ್ಞ 7ಕ್ಕೆ ಹಾಕಿದ, ಎಂಟನೆಯದು ಉಳಿದುಹೋಯಿತು. ಎಂಟೂ ಒಂದೇ ಥರ ಇವೆಯೇ ಎಂದು ತಾಳೆ ನೋಡಲು ಇನ್ನೊಬ್ಬರು ಇರಲಿಲ್ಲ. ಹಾಗೆ ನೋಡಬೇಕೆಂಬ ಲಿಖಿತ ನಿಯಮವೂ ಆ ಕಂಪನಿಯಲ್ಲಿ ಇರಲಿಲ್ಲ.

ಒಂದು ಸರ್ವರ್ ಹಳೆಯದಾಗಿ ಉಳಿದರೆ ಅದೊಂದು ಹಿಂದೆ ಬಿತ್ತು ಅಷ್ಟೇ ಅಲ್ಲವೇ? ಅಲ್ಲ. ಆ ಹಳೆಯ ಪ್ರೋಗ್ರಾಮಿನೊಳಗೆ 2003ರಲ್ಲೇ ಬಳಕೆ ನಿಲ್ಲಿಸಿದ, ಆದರೆ ಕಿತ್ತುಹಾಕದೆ ಬಿಟ್ಟ 'ಪವರ್ ಪೆಗ್' ಎಂಬ ಒಂದು ಭಾಗ ಇತ್ತು. ಅದನ್ನು ಚಾಲೂ ಮಾಡಲು ಒಂದು ಸ್ವಿಚ್ಚು, ನಮ್ಮ ಭಾಷೆಯಲ್ಲಿ ಫ್ಲ್ಯಾಗ್. ಹೊಸ ಪ್ರೋಗ್ರಾಂ ಬರೆದವರು ಅದೇ ಸ್ವಿಚ್ಚನ್ನು ಬೇರೆ ಅರ್ಥದಲ್ಲಿ ಬಳಸಿಕೊಂಡರು. ಬೆಳಿಗ್ಗೆ ಪೇಟೆ ತೆರೆಯಿತು, ಸ್ವಿಚ್ಚು ಒತ್ತಿದಂತಾಯಿತು. ಏಳು ಸರ್ವರ್‌ಗಳು ಅದಕ್ಕೆ ಹೊಸ ಅರ್ಥ ಮಾಡಿದವು. ಎಂಟನೆಯದು ಹಳೆಯ ಅರ್ಥ ಮಾಡಿತು. ಮನೆಯಲ್ಲಿ ಫ್ಯಾನಿನ ಸ್ವಿಚ್ಚಿಗೆ ನೀರಿನ ಮೋಟಾರು ಜೋಡಿಸಿ, ಒಂದು ಕೋಣೆಯ ವೈರಿಂಗ್ ಮಾತ್ರ ಬದಲಿಸದೆ ಬಿಟ್ಟ ಹಾಗೆ.

ಆ ಒಂದು ಸರ್ವರ್, ಒಂದು ಆರ್ಡರಿಗೆ ಎಷ್ಟು ಷೇರು ಕೊಂಡಾಯಿತು ಎಂಬ ಲೆಕ್ಕವೇ ಇಲ್ಲದೆ ಆರ್ಡರ್ ಕಳಿಸುತ್ತಲೇ ಹೋಯಿತು. ಗಿರಾಕಿಗಳು ಕೊಟ್ಟಿದ್ದು 212 ಆರ್ಡರ್. ಸುಮಾರು 45 ನಿಮಿಷಗಳಲ್ಲಿ 154 ಕಂಪನಿಗಳ ಷೇರುಗಳಲ್ಲಿ 40 ಲಕ್ಷಕ್ಕೂ ಹೆಚ್ಚು ವ್ಯವಹಾರಗಳು ನಡೆದುಹೋದವು. ನಷ್ಟ 46 ಕೋಟಿ ಡಾಲರಿಗೂ ಮೇಲೆ. ಮರುವರ್ಷವೇ ಆ ಕಂಪನಿ ಇನ್ನೊಂದು ಕಂಪನಿಯ ಪಾಲಾಯಿತು.

ಇದರಲ್ಲಿ ನನ್ನನ್ನು ಹೆಚ್ಚು ಕಾಡುವುದು ಆ ಮೊತ್ತವಲ್ಲ, ಬೇರೆ ಎರಡು ಸಂಗತಿ. ಅಂದು ಪೇಟೆ ತೆರೆಯುವ ಮೊದಲೇ ಯಂತ್ರ ತಾನಾಗಿಯೇ 97 ಇಮೇಲ್ ಕಳಿಸಿತ್ತು. ಅದರಲ್ಲಿ ಪವರ್ ಪೆಗ್ ಹೆಸರು ಸಮೇತ ಇತ್ತು. ಆದರೆ ಆ ಇಮೇಲ್‌ಗಳನ್ನು ಎಚ್ಚರಿಕೆ ಎಂದು ಯಾರೂ ಓದುತ್ತಿರಲಿಲ್ಲ. ಎರಡನೆಯದು, ಗಾಬರಿಯಲ್ಲಿ ಅವರು ಮಾಡಿದ ಉಪಾಯ. ಹೊಸ ಪ್ರೋಗ್ರಾಮಿನದೇ ತೊಂದರೆ ಎಂದುಕೊಂಡು ಸರಿಯಿದ್ದ ಏಳು ಸರ್ವರ್‌ಗಳಿಂದ ಅದನ್ನು ತೆಗೆದುಹಾಕಿದರು. ಈಗ ಎಂಟೂ ಹಳೆಯ ಅರ್ಥವನ್ನೇ ಮಾಡತೊಡಗಿದವು, ಬೆಂಕಿ ಎಂಟು ಪಾಲಾಯಿತು. ಏನಾದರೂ ಆದರೆ ಹಿಂದಿನ ಸ್ಥಿತಿಗೆ ತಂದರಾಯಿತು ಎಂದು ನಮ್ಮವರು ಸುಲಭವಾಗಿ ಹೇಳುತ್ತಾರೆ. ಹಿಂದಿನ ಸ್ಥಿತಿಗೆ ಹೋಗುವ ದಾರಿಯನ್ನೂ ಸ್ಟೇಜಿಂಗಿನಲ್ಲಿ ಒಮ್ಮೆ ನಡೆದು ನೋಡಿರದಿದ್ದರೆ ಆ ಮಾತಿಗೆ ಬೆಲೆಯಿಲ್ಲ.

ಅಮೆರಿಕದ ಷೇರು ನಿಯಂತ್ರಣ ಆಯೋಗ 2013ರಲ್ಲಿ ಕಂಪನಿಗೆ 1.2 ಕೋಟಿ ಡಾಲರ್ ದಂಡ ಹಾಕಿತು. ಆ ಆದೇಶದಲ್ಲಿ ತಂತ್ರಜ್ಞನ ಹೆಸರಿಲ್ಲ. ತಪ್ಪನ್ನು ಕಂಪನಿಯ ಕ್ರಮದ ಮೇಲೆ ಹೊರಿಸಿದ್ದಾರೆ. ಅದು ಸರಿ ಎಂದೇ ನನ್ನ ಅಭಿಪ್ರಾಯ. ಎಂಟು ಯಂತ್ರಕ್ಕೆ ಕೈಯಿಂದ ನಕಲು ಮಾಡುವ ಯಾವ ಮನುಷ್ಯನಾದರೂ ಒಂದು ದಿನ ಒಂದನ್ನು ಬಿಡುತ್ತಾನೆ.

ನಮಗೆ ಇನ್ನೂ ಹತ್ತಿರದ್ದು 2024ರ ಜುಲೈ 19. ಬೆಂಗಳೂರು, ಹೈದರಾಬಾದ್ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟ ದಿನ. ಕಾರಣ ವೈರಸ್ ಅಲ್ಲ, ವೈರಸ್ ತಡೆಯುವ ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿ ಕಳಿಸಿದ ಒಂದು ಸೆಟ್ಟಿಂಗ್ ಫೈಲು. ಅದರಲ್ಲಿ 21 ಕಲಂ ಇದ್ದವು, ಓದುವ ಪ್ರೋಗ್ರಾಮಿಗೆ ಸಿಗುತ್ತಿದ್ದ ಮಾಹಿತಿ 20ಕ್ಕೆ ಮಾತ್ರ. ಮೊದಲು ಪರೀಕ್ಷೆ ಮಾಡಿದಾಗ 21ನೆಯ ಕಲಂನಲ್ಲಿ 'ಏನಿದ್ದರೂ ಸರಿ' ಎಂಬ ಗುರುತು ಇದ್ದದ್ದರಿಂದ ಕೊರತೆ ಕಾಣಲೇ ಇಲ್ಲ. ಅಂದು ನಿಜವಾದ ಮಾಹಿತಿ ಕೇಳಿದಾಗ ಯಂತ್ರಗಳು ಕುಸಿದವು. ನಮ್ಮ ಗಡಿಯಾರದ ಲೆಕ್ಕದಲ್ಲಿ ಬೆಳಿಗ್ಗೆ 9.39ಕ್ಕೆ ಕಳಿಸಿದರು, 10.57ಕ್ಕೆ ಹಿಂತೆಗೆದುಕೊಂಡರು. ಆ 78 ನಿಮಿಷದಲ್ಲಿ ಜಗತ್ತಿನಾದ್ಯಂತ 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವು ಎಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು. ಬಹಳಷ್ಟನ್ನು ಜನ ಎದುರಿಗೆ ಕೂತು, ಒಂದೊಂದಾಗಿ ಕೈಯಿಂದ ರಿಪೇರಿ ಮಾಡಬೇಕಾಯಿತು. ಮೊದಲು ನೂರು ಯಂತ್ರಕ್ಕೆ ಕಳಿಸಿ, ಅರ್ಧ ಗಂಟೆ ಕಾದು ನೋಡಿದ್ದರೆ ನೂರು ಯಂತ್ರಕ್ಕೇ ಮುಗಿಯುತ್ತಿತ್ತು. ಇಂಥ ಫೈಲುಗಳನ್ನು ಇನ್ನು ಮುಂದೆ ಹಂತ ಹಂತವಾಗಿ ಕಳಿಸುತ್ತೇವೆ ಎಂದು ಆ ಕಂಪನಿ ಆಮೇಲೆ ಹೇಳಿತು.

ಹಾಗಾದರೆ ಕ್ರಮವಾಗಿ ಮಾಡುವುದು ಹೇಗೆ? ಸೆಟ್ಟಿಂಗನ್ನು ಪ್ರೋಗ್ರಾಮಿನಷ್ಟೇ ಗೌರವದಿಂದ ನೋಡಬೇಕು. ಯಾರು, ಯಾವಾಗ, ಯಾಕೆ ಬದಲಿಸಿದರು ಎಂಬುದು ದಾಖಲಾಗುವ ಕಡೆ ಇಡಬೇಕು. ಇದಕ್ಕೆ ಗಿಟ್ ಎಂಬ ಸಾಧನವಿದೆ, ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಮಾಡಿದ್ದು, ದುಡ್ಡು ಕೊಡಬೇಕಿಲ್ಲ, ನಮ್ಮ ಶಾಲೆಯ ಕಂಪ್ಯೂಟರಿನಲ್ಲೂ ಹಾಕಿಕೊಳ್ಳಬಹುದು. ಹಳೆಯ ಸಾಲು, ಹೊಸ ಸಾಲು ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸುತ್ತದೆ. ಬರೆದವನಲ್ಲದ ಇನ್ನೊಬ್ಬ ಅದನ್ನು ಓದಬೇಕು. ಓದಬೇಕು ಎಂದೆ, ಸಹಿ ಹಾಕಬೇಕು ಎನ್ನಲಿಲ್ಲ. ಹತ್ತು ಸಹಿ ಇರುವ ಫಾರಂ ನೋಡಿದಾಗಲೆಲ್ಲ, ಉಳಿದ ಒಂಬತ್ತು ಜನ ಓದಿರುತ್ತಾರೆ ಎಂದು ಪ್ರತಿಯೊಬ್ಬರೂ ನಂಬಿರುತ್ತಾರೆ ಎಂದೇ ನನಗೆ ಅನ್ನಿಸುವುದು.

ಪಾಸ್‌ವರ್ಡ್‌ಗಳು ಮಾತ್ರ ಈ ದಾಖಲೆಗೆ ಸೇರಬಾರದು, ಅವಕ್ಕೆ ಬೇರೆ ತಿಜೋರಿ.

ಎಲ್ಲಕ್ಕಿಂತ ಕಷ್ಟದ್ದು ರಾತ್ರಿಯ ಕೈಚಳಕ. ಪ್ರೊಡಕ್ಷನ್ನಿನಲ್ಲಿ ಮಧ್ಯರಾತ್ರಿ ಏನೋ ನಿಲ್ಲುತ್ತದೆ, ಒಬ್ಬ ಜಾಣ ನೇರವಾಗಿ ಒಳಹೊಕ್ಕು ಒಂದು ಅಂಕೆ ತಿದ್ದಿ ಸರಿ ಮಾಡುತ್ತಾನೆ. ಬೆಳಿಗ್ಗೆ ಎಲ್ಲರೂ ಶಹಬ್ಬಾಸ್ ಎನ್ನುತ್ತಾರೆ. ಆ ಅಂಕೆ ಸ್ಟೇಜಿಂಗಿಗೂ ಗೊತ್ತಿಲ್ಲ, ದಾಖಲೆಗೂ ಗೊತ್ತಿಲ್ಲ. ಆರು ತಿಂಗಳ ಮೇಲೆ ಇನ್ನೊಬ್ಬ ಕ್ರಮಪ್ರಕಾರ ಹೊಸ ಬದಲಾವಣೆ ತರುತ್ತಾನೆ, ಜಾಣ ತಿದ್ದಿದ್ದು ಅಳಿಸಿಹೋಗುತ್ತದೆ, ಹಳೆಯ ಕಾಯಿಲೆ ಮರಳುತ್ತದೆ. ಬೈಗುಳ ಮಾತ್ರ ಕ್ರಮಪ್ರಕಾರ ಮಾಡಿದವನಿಗೆ. ರಾತ್ರಿ ತಿದ್ದುವುದನ್ನು ಪೂರ್ತಿ ನಿಷೇಧ ಮಾಡಿ ಎಂದು ನಾನು ಹೇಳುವುದಿಲ್ಲ, ಆಸ್ಪತ್ರೆಯ ಬಿಲ್ಲಿಂಗ್ ನಿಂತಾಗ ನಿಯಮ ಹಿಡಿದು ಕೂರುವುದಕ್ಕಾಗುವುದಿಲ್ಲ. ಆದರೆ ಮರುದಿನ ಮಧ್ಯಾಹ್ನದೊಳಗೆ ಆ ಅಂಕೆ ದಾಖಲೆಗೆ ಬರಬೇಕು, ಸ್ಟೇಜಿಂಗಿಗೂ ಹೋಗಬೇಕು.

ಹಬ್ಬಕ್ಕೆ ಊರಿಗೆ ಬಂದ ಮಗನೋ ಮಗಳೋ ಒಬ್ಬಟ್ಟಿನ ಎಲೆ ಬಿಟ್ಟು ಲ್ಯಾಪ್‌ಟಾಪ್ ಹಿಡಿದು ಮಹಡಿ ಹತ್ತಿದರೆ, ಸಿಗ್ನಲ್ ಸಿಗುವ ಮೂಲೆಯಲ್ಲಿ ಕೂತು ಬಹುಶಃ ಇಂಥದ್ದೇ ಒಂದು ಸಾಲನ್ನು ಓದುತ್ತಿರುತ್ತಾರೆ. ಹೆಚ್ಚಿನ ಕಂಪನಿಗಳು ಶುಕ್ರವಾರ ಸಂಜೆ, ಹಬ್ಬದ ಹಿಂದಿನ ದಿನ ಬದಲಾವಣೆ ಮಾಡಬೇಡಿ ಎನ್ನುತ್ತವೆ. ಪಾಲಿಸುವವರು ಕಡಿಮೆ.

ಹೆಡ್‌ಮಾಸ್ತರು ಗಡಿಯಾರ ತೋರಿಸುತ್ತಿದ್ದಾರೆ. ಹತ್ತನೆಯ ತರಗತಿಯ ಮಕ್ಕಳಿಗೆ ಒಂದು ಲೆಕ್ಕ ಬಿಟ್ಟು ಹೋಗುತ್ತೇನೆ, ಊಟದ ಹೊತ್ತಿಗೆ ಉತ್ತರ ಹೇಳಿ. ಎಂಟು ಸರ್ವರ್ ಇವೆ, ಎಂಟರಲ್ಲೂ ಒಂದೇ ಫೈಲು ಇದೆಯೇ ಎಂದು ನೋಡಬೇಕು. ಫೈಲಿನಲ್ಲಿ ಹತ್ತು ಸಾವಿರ ಸಾಲು. ಒಂದೊಂದು ಸಾಲನ್ನೂ ಓದದೆ ಹೇಗೆ ತಿಳಿಯುತ್ತೀರಿ? ದಾರಿ ಇದೆ, ಗಣಿತ ಮೇಷ್ಟ್ರನ್ನು ಕೇಳಬಹುದು.