ರಕ್ತ ಕೊಟ್ಟವರಿಗೂ ತಿಳಿಯಬೇಕು
(ಸುವರ್ಣ ಮಹೋತ್ಸವದಲ್ಲಿ ಆಡಿದ ಮಾತುಗಳ ಬರಹರೂಪ)



ಆರೋಗ್ಯದ ಬಗ್ಗೆ ನಾಲ್ಕು ಮಾತು ಹೇಳು ಎಂದಿದ್ದಾರೆ. ಬಿಪಿ, ಶುಗರ್ ವಿಚಾರವನ್ನು ನಮ್ಮ ಆಶಾ ಕಾರ್ಯಕರ್ತೆಯರು ನನಗಿಂತ ಚೆನ್ನಾಗಿ ಹೇಳುತ್ತಾರೆ. ನಾನು ಬೇರೊಂದು ವಿಷಯ ಎತ್ತಿಕೊಳ್ಳುತ್ತೇನೆ. ಸಂಶೋಧನೆಗೆಂದು ಊರಿಗೆ ಬಂದವರು ನಮ್ಮ ರಕ್ತ ತೆಗೆದುಕೊಂಡು, ಮನೆಯ ವಿವರ ಬರೆದುಕೊಂಡು ಹೋಗುತ್ತಾರಲ್ಲ, ಆ ಮಾಹಿತಿ ಮುಂದೆ ಯಾರ ಕೈ ಸೇರುತ್ತದೆ? ಅದರ ಮೇಲೆ ನಮಗೇನು ಹಕ್ಕಿದೆ?

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ ಹಂದಿಗೋಡು ಎಂಬ ಊರಿದೆ. 1970ರ ದಶಕದ ನಡುವೆ ಅಲ್ಲಿಯ ಒಂದು ಕೀಲುರೋಗ ಹೊರಗಿನವರ ಕಣ್ಣಿಗೆ ಬಿತ್ತು. ಸೊಂಟ, ಮೊಣಕಾಲು ಸವೆದು ದುಡಿಯುವ ವಯಸ್ಸಿನಲ್ಲೇ ಜನ ನಡೆಯಲಾರದಂತಾದರು. ಕೆಲವರು ಕುಳ್ಳಾಗಿಯೇ ಉಳಿದರು. ನರಳಿದವರು ಹೆಚ್ಚಾಗಿ ಬಡ ದಲಿತ ಕುಟುಂಬಗಳವರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಬಂದರು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ಬಂದರು. ಗದ್ದೆಗೆ ಹೊಡೆದ ಕೀಟನಾಶಕ ಏಡಿಯ ಮೂಲಕ ಹೊಟ್ಟೆ ಸೇರಿತೇ ಎಂಬುದು ಮೊದಲ ಸಂಶಯ. ವಂಶಪಾರಂಪರ್ಯವಾಗಿ ಬರುವ ರೋಗ ಎಂದು ಮುಂದಿನ ಅಧ್ಯಯನಗಳು ಹೇಳಿದವು. ರಕ್ತ, ಎಕ್ಸ್‌ರೇ, ಅಜ್ಜ ಮುತ್ತಜ್ಜರ ವಿವರ ಎಲ್ಲ ಕೊಟ್ಟದ್ದು ಅದೇ ಮನೆಗಳು. ರೋಗ ವಾಸಿಮಾಡುವ ಔಷಧ ಬರಲಿಲ್ಲ. ಊರಿನ ಹೆಸರು ಮಾತ್ರ ರೋಗದ ಹೆಸರಾಗಿ ವೈದ್ಯಗ್ರಂಥಗಳಲ್ಲಿ ನಿಂತುಬಿಟ್ಟಿತು.

ನಾವು ಯಾವ ರೋಗಿಯ ಹೆಸರನ್ನೂ ಹೊರಗೆ ಹಾಕಿಲ್ಲ ಎಂದು ವಿಜ್ಞಾನಿ ಹೇಳಬಹುದು. ಆದರೆ ಮಗಳಿಗೆ ಸಂಬಂಧ ನೋಡಲು ಹೋದ ತಂದೆ ತನ್ನ ಊರು ಯಾವುದೆಂದು ಹೇಳಲೇಬೇಕಲ್ಲ? ಹೊಸ ರೋಗಗಳಿಗೆ ಊರಿನ, ಜನರ ಹೆಸರು ಇಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2015ರಲ್ಲಿ. ಹಂದಿಗೋಡಿಗೆ ಅಷ್ಟು ಹೊತ್ತಿಗೆ ತಡವಾಗಿತ್ತು.

ಹಾಗೆಂದು ಮಾಹಿತಿಯನ್ನೆಲ್ಲ ಕಪಾಟಿನಲ್ಲಿಟ್ಟು ಬೀಗ ಹಾಕಿ ಎನ್ನುವವನಲ್ಲ ನಾನು. ಒಬ್ಬರು ಕಂಡುಕೊಂಡದ್ದನ್ನು ಇನ್ನೊಬ್ಬರಿಗೆ ಕೊಡದಿದ್ದರೆ ಅದೇ ತೋಳಿಗೆ ಮತ್ತೆ ಸೂಜಿ ಚುಚ್ಚಬೇಕಾಗುತ್ತದೆ. ಹಂಚಿಕೊಳ್ಳಲಿ, ಆದರೆ ಕೊಟ್ಟವರನ್ನು ಕೇಳಿ ಹಂಚಿಕೊಳ್ಳಲಿ.

ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದಲ್ಲೇ ಉದಾಹರಣೆಯಿದೆ. ಅರಿಜೋನಾದ ಹವಸುಪಾಯಿ ಎಂಬ ಮೂಲನಿವಾಸಿಗಳು 1990ರ ದಶಕದಲ್ಲಿ, ತಮ್ಮಲ್ಲಿ ಸಕ್ಕರೆ ಕಾಯಿಲೆ ಏಕೆ ಇಷ್ಟಿದೆ ಎಂದು ತಿಳಿಯಲೆಂದು ರಕ್ತ ಕೊಟ್ಟರು. ಅದೇ ರಕ್ತವನ್ನು ಮಾನಸಿಕ ಕಾಯಿಲೆ, ಪೂರ್ವಿಕರ ವಲಸೆ ಮುಂತಾದ ಅಧ್ಯಯನಗಳಿಗೂ ಬಳಸಿದರು. ಜನ ಕೋರ್ಟಿಗೆ ಹೋದರು. 2010ರಲ್ಲಿ ರಾಜಿಯಾಗಿ ವಿಶ್ವವಿದ್ಯಾಲಯ 7 ಲಕ್ಷ ಡಾಲರ್ ಕೊಟ್ಟಿತು, ಉಳಿದ ರಕ್ತವನ್ನೂ ಹಿಂದಿರುಗಿಸಿತು. ಆ ರಕ್ತ ಕೊಟ್ಟವರಲ್ಲಿ ಕೆಲವರು ಅಷ್ಟರಲ್ಲಿ ತೀರಿಕೊಂಡಿದ್ದರು.

ನಮ್ಮ ಕಡೆಗೆ ಬರೋಣ. ವಾಡಿ, ಶಹಾಬಾದ್, ಸೇಡಂ ಸುತ್ತ ಕಲ್ಲುಗಣಿ, ಸಿಮೆಂಟ್ ಕಾರ್ಖಾನೆಗಳಿವೆ. ದೂಳಿನಲ್ಲಿ ದುಡಿದವರ ಎದೆ ಪರೀಕ್ಷಿಸಲು ಯಾರಾದರೂ ಬಂದರೆ ಒಳ್ಳೆಯದೇ, ಬರಲಿ. ಆದರೆ ಊರು, ಜಾತಿ, ವಯಸ್ಸು, ಮಾಡುವ ಕೆಲಸ, ಇಷ್ಟು ಬರೆದರೆ ಸಣ್ಣ ಊರಿನಲ್ಲಿ ಹೆಸರು ಬೇಕೇ? ಚಹಾದಂಗಡಿಯಲ್ಲಿ ಕೂತವರು ಇಂಥವನೇ ಎಂದು ಹೇಳಿಬಿಡುತ್ತಾರೆ. ಮೇಸ್ತ್ರಿಯ ಕಿವಿಗೆ ಬಿದ್ದರೆ ಮರುದಿನದ ಪಗಾರಕ್ಕೇ ಕುತ್ತು.

ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ನಮಗೆ ಅನುಕೂಲವಾಗಿಯೇ ಇದೆ. ಏನು, ಏಕೆ ಎಂಬುದನ್ನು ನಮಗೆ ತಿಳಿಯುವ ಭಾಷೆಯಲ್ಲಿ ಹೇಳಿಯೇ ಒಪ್ಪಿಗೆ ಪಡೆಯಬೇಕು. ಓದಲು ಬಾರದವರ ಹೆಬ್ಬೆಟ್ಟು ಒತ್ತಿಸುವಾಗ ಓದುಬರಹ ಬಲ್ಲ, ಸಂಶೋಧನೆಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಇರಬೇಕು. ನಡುವೆ ಬೇಡವೆನಿಸಿದರೆ ಹೊರಗೆ ಬರಬಹುದು, ಅದಕ್ಕಾಗಿ ದವಾಖಾನೆಯಲ್ಲಿ ಚಿಕಿತ್ಸೆ ತಪ್ಪಿಸುವಂತಿಲ್ಲ. ಆ ಸಾಕ್ಷಿ ಯಾರಾಗಬೇಕು? ಈ ಶಾಲೆಯಲ್ಲಿ ಕಲಿತು ಊರಲ್ಲೇ ಇರುವ ನಿಮ್ಮಲ್ಲೊಬ್ಬರು. ಕಾಗದವನ್ನು ಪೂರ್ತಿ ಓದಿ ಹೇಳಿ. ಸಹಿ ಎಲ್ಲಿ ಮಾಡಬೇಕು ಎಂದು ಮಾತ್ರ ತೋರಿಸಬೇಡಿ.

ಶಿಕ್ಷಕರಲ್ಲೂ ಒಂದು ವಿನಂತಿಯಿದೆ. ಶಾಲೆಗೆ ಆರೋಗ್ಯ ತಪಾಸಣೆಯ ತಂಡ ಬಂದಾಗ ಒಬ್ಬ ಹುಡುಗಿಗೆ ರಕ್ತ ಕಡಿಮೆ ಎಂದು ಬರೆದರೆ, ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಬೇಡಿ. ಅವಳನ್ನು ಬೇರೆ ಕರೆದು ಹೇಳಿ, ಮನೆಗೆ ಒಂದು ಚೀಟಿ ಕೊಟ್ಟು ಕಳಿಸಿ. ಮೇಲಿನ ಕಚೇರಿಗೆ ಲೆಕ್ಕ ಹೋಗುವ ಮೊದಲು ಅದು ಅವಳ ಅವ್ವನಿಗೆ ಗೊತ್ತಾಗಲಿ.