ಡ್ರೈವರ್ 'ಆದರೂ' ಆಗೋಣ ಎನ್ನುವವರಿಗೆ

(ಯುವಕರ ಸಭೆಯೊಂದರಲ್ಲಿ ಹಿರಿಯ ಲಾರಿ ಚಾಲಕರೊಬ್ಬರು ಆಡಿದ ಮಾತುಗಳು)



ಭಾಷಣ ನನಗೆ ಬಾರದು. ಬರುವುದು ಲಾರಿ ಒಂದೇ. ಅದರ ಮಾತನ್ನೇ ಆಡುತ್ತೇನೆ.

"ಎಲ್ಲೂ ಕೆಲಸ ಸಿಗಲಿಲ್ಲ ಅಣ್ಣಾ, ಡ್ರೈವರ್ ಆದರೂ ಆಗೋಣ ಅಂತ" ಎನ್ನುತ್ತಾ ನಿಮ್ಮಲ್ಲಿ ಎಷ್ಟೋ ಜನ ನನ್ನ ಹತ್ತಿರ ಬರುತ್ತೀರಿ. ಈ 'ಆದರೂ' ಇದೆಯಲ್ಲ, ಅದನ್ನು ಇವತ್ತು ಇಲ್ಲೇ ಬಿಟ್ಟು ಹೋಗಿ! ಯಶವಂತಪುರದ ಮಂಡಿಗೆ ನಾಲ್ಕು ದಿನ ಲಾರಿ ಬರದಿದ್ದರೆ ಈ ಬೆಂಗಳೂರು ಏನು ತಿನ್ನುತ್ತದೆ? ಪೀಣ್ಯದಲ್ಲಿ ತಯಾರಾದ ಸರಕು ತಾನೇ ನಡೆದುಕೊಂಡು ಪಣಂಬೂರು ಬಂದರಿಗೆ ಹೋಗುತ್ತದೆಯೇ? ಇದು ಗತಿಯಿಲ್ಲದವರ ಕೆಲಸವಲ್ಲ. ಕಲಿತು ಮಾಡಬೇಕಾದ ಕಸುಬು.

ಕಲಿಯುವ ದಾರಿ ನೆಟ್ಟಗಿದೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ನಿಮಗೆ 20 ವರ್ಷ ತುಂಬಿರಬೇಕು. ಲಘು ವಾಹನದ ಲೈಸೆನ್ಸ್ ಪಡೆದು ಒಂದು ವರ್ಷವಾಗಿರಬೇಕು. ಆಮೇಲೆ ಭಾರಿ ವಾಹನದ ಎಲ್‌ಎಲ್‌ಆರ್, ವೈದ್ಯರ ಪ್ರಮಾಣಪತ್ರ, ತರಬೇತಿ, ಪರೀಕ್ಷೆ. ಎಂಟನೇ ತರಗತಿ ಪಾಸಾಗಿರಬೇಕೆಂಬ ನಿಯಮವೊಂದಿತ್ತು. 2019ರಲ್ಲಿ ಅದನ್ನು ತೆಗೆದರು. ಒಂದು ವರ್ಷ ಸುಮ್ಮನೆ ಕಾಯಬೇಕೇ ಎನ್ನಬೇಡಿ. ಒಟ್ಟು ತೂಕ 7,500 ಕಿಲೋ ದಾಟದ ಸರಕು ಗಾಡಿಯನ್ನು ಲಘು ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದೆಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಚಿಕ್ಕ ಗಾಡಿಯಲ್ಲಿ ಕೈ ಪಳಗಲಿ.

ದುಡ್ಡು ಕೊಟ್ಟರೆ ಪರೀಕ್ಷೆಯಿಲ್ಲದೆ ಲೈಸೆನ್ಸ್ ಮಾಡಿಸಿಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ನಂಬಬೇಡಿ. ಘಾಟಿ ರಸ್ತೆ ಲೈಸೆನ್ಸ್ ನೋಡುವುದಿಲ್ಲ, ಕೆಲಸ ನೋಡುತ್ತದೆ!

ನನ್ನದೇ ಕಥೆ ಕೇಳಿ. ಹೊಸಬನಾಗಿದ್ದೆ. ಲೋಡ್ ತುಂಬಿಕೊಂಡು ಶಿರಾಡಿ ಘಾಟಿ ಇಳಿಯುತ್ತಿದ್ದೆ. ಮಾಲೀಕ ಲೀಟರ್ ಲೀಟರ್ ಲೆಕ್ಕ ಕೇಳುವವನು. ಡೀಸೆಲ್ ಉಳಿಯಲಿ ಎಂದು ಗಾಡಿಯನ್ನು ನ್ಯೂಟ್ರಲ್ ಮಾಡಿದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಬ್ರೇಕ್ ಲೈನರ್ ಸುಟ್ಟ ವಾಸನೆ. ತುಳಿದರೆ ಹಿಡಿಯುತ್ತಿಲ್ಲ. ಪಕ್ಕದಲ್ಲಿ ಕ್ಲೀನರ್, ನಿಮ್ಮದೇ ವಯಸ್ಸಿನ ಹುಡುಗ, ಕಿರುಚಲೂ ಇಲ್ಲ. ನನ್ನ ಮುಖವನ್ನೇ ನೋಡುತ್ತಿದ್ದ. ಗುಡ್ಡದ ಬದಿಗೆ ಉಜ್ಜಿಸಿ ಹೇಗೋ ನಿಲ್ಲಿಸಿದೆ. ಬದುಕಿದೆವು. ಎದುರಿಗೆ ಒಂದು ಬಸ್ಸು ಬಂದಿದ್ದರೆ? ಇವತ್ತಿಗೂ ಅದನ್ನು ನೆನೆದರೆ ನಿದ್ದೆ ಬರುವುದಿಲ್ಲ.

ಅದಕ್ಕೇ ಹೇಳುತ್ತೇನೆ: ಯಾವ ಗೇರಿನಲ್ಲಿ ಘಾಟಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಗೇರಿನಲ್ಲಿದ್ದರೆ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ನ್ಯೂಟ್ರಲ್ ಮಾಡಿದರೆ ಅಷ್ಟೂ ಭಾರ ಬ್ರೇಕಿನ ಮೇಲೆ. ಕಾದ ಬ್ರೇಕು ಹಿಡಿಯುವುದಿಲ್ಲ. ಎಂಜಿನ್ ಆಫ್ ಮಾಡಿದರಂತೂ ಏರ್ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರೂ ನಿಂತುಹೋಗುತ್ತದೆ.

ಇನ್ನೊಂದು ವಿದ್ಯೆ ಇದಕ್ಕಿಂತ ಕಷ್ಟದ್ದು. ಅದು 'ಆಗಲ್ಲ' ಎನ್ನುವ ವಿದ್ಯೆ. ಅವತ್ತು ನಾನು ಹೆದರಿದ್ದು ಘಾಟಿಗಲ್ಲ, ಮಾಲೀಕನಿಗೆ! ನೀವು ಹಾಗೆ ಹೆದರಬೇಡಿ. ಮಿತಿ ಮೀರಿ ಲೋಡ್ ಹಾಕಿದರೆ ಆಗಲ್ಲ ಎನ್ನಿ. 2019ರ ತಿದ್ದುಪಡಿಯ ಪ್ರಕಾರ ದಂಡ 20,000 ರೂಪಾಯಿ, ಹೆಚ್ಚಾದ ಪ್ರತಿ ಟನ್ನಿಗೆ ಮತ್ತೆ 2,000. ಓಡಿಸಲು ಕಳಿಸಿದವನ ಮೇಲೂ ಕೇಸು ಹಾಕಬಹುದು. ಆದರೆ ರಸ್ತೆಯಲ್ಲಿ ಸಿಕ್ಕಿಬೀಳುವವರು ನೀವು. ಎರಡು ರಾತ್ರಿ ನಿದ್ದೆಯಿಲ್ಲದವನಿಗೆ ಮೂರನೇ ರಾತ್ರಿಯೂ ಓಡಿಸು ಎಂದರೆ ಆಗಲ್ಲ ಎನ್ನಿ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಎಂದು ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 1961ರಲ್ಲೇ ಬರೆದಿತ್ತು. ಹೆದ್ದಾರಿಯಲ್ಲಿ ಅದನ್ನು ಕಂಡವರೆಷ್ಟು ಜನ? ಕೇಳುವವರಿದ್ದರೆ ತಾನೇ ಕೊಡುವವರು! 2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿದೆ. ಕ್ಯಾಬಿನ್ ತಣ್ಣಗಾಯಿತು ಎಂದರೆ ನಿದ್ದೆ ಬೇಡವೆಂದಲ್ಲ.

ಕೆಲಸಕ್ಕೆ ಸೇರುವ ದಿನವೇ ಬಾಯಿಬಿಟ್ಟು ಕೇಳಿ. ಸಂಬಳ ಎಷ್ಟು, ಬಾಟಾ ಎಷ್ಟು, ಪಂಕ್ಚರ್ ಖರ್ಚು ಯಾರದು, ಅನ್‌ಲೋಡಿಗೆ ಎರಡು ದಿನ ಕಾಯಿಸಿದರೆ ಆ ದಿನಗಳ ಕೂಲಿ ಉಂಟೋ ಇಲ್ಲವೋ? ಓದಲಾಗದ ಕಾಗದಕ್ಕೆ ಸಹಿ ಹಾಕಬೇಡಿ. "ಕನ್ನಡದಲ್ಲಿ ಓದಿ ಹೇಳಿ" ಎನ್ನಿ. ಅದರಲ್ಲಿ ನಾಚಿಕೆ ಏನೂ ಇಲ್ಲ.

ಆ ಕ್ಲೀನರ್ ಹುಡುಗ ಈಗ ಸ್ವಂತ ಲಾರಿ ಇಟ್ಟಿದ್ದಾನೆ. ತನ್ನ ಡ್ರೈವರ್‌ಗೆ ಅವನು ಡೀಸೆಲ್ ಲೆಕ್ಕ ಕೇಳುವುದು ಆಮೇಲೆ. ಮೊದಲು ಕೇಳುವುದು, "ನಿದ್ದೆ ಮಾಡಿದೆಯಾ?"

ಬನ್ನಿ, ಈ ಕಸುಬಿಗೆ ನೀವು ಬೇಕು. ಆದರೆ ಕಲಿತು ಬನ್ನಿ.